ದಿನ ಎಣಿಸುವ ಬದಲು ಎಲೆ ಎಣಿಸೋಣ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ನಿಮ್ಮ ಪತ್ರಿಕೆಯ ಕೃಷಿ ಪುಟದಲ್ಲಿ ಧಾನ್ಯದ ಬೆಳೆಗಳಿಗೆ ಕಳೆನಾಶಕ ಹೊಡೆಯುವ ಬಗ್ಗೆ ಬಂದ ಬರಹ ಓದಿದೆ. ಯಾವ ಕಳೆಗೆ ಯಾವ ಔಷಧ, ಎಷ್ಟು ನೀರಿಗೆ ಎಷ್ಟು ಬೆರೆಸಬೇಕು ಎಂಬುದೆಲ್ಲ ಚೆನ್ನಾಗಿ ಬಂದಿದೆ. ಆದರೆ ಯಾವಾಗ ಹೊಡೆಯಬೇಕು ಎಂಬುದನ್ನು ಮಾತ್ರ ‘ಬಿತ್ತಿದ ಇಷ್ಟು ದಿನಕ್ಕೆ’ ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದಾರೆ. ಇಂಥದೇ ಒಂದು ಸಾಲನ್ನು ನಂಬಿ ನಾನು ಹಿಂದೆ ಬೆಳೆ ಕಳೆದುಕೊಂಡಿದ್ದೇನೆ. ಅದಕ್ಕೇ ಈ ಪತ್ರ.

ಮೊದಲೇ ಹೇಳಿಬಿಡುತ್ತೇನೆ, ನಾನು ಕಳೆನಾಶಕವೇ ಬೇಡ ಎನ್ನುವವನಲ್ಲ. ಮೊದಲ 30-40 ದಿನ ಕಳೆಯನ್ನು ಬೆಳೆಯ ಜೊತೆ ಬಿಟ್ಟರೆ ನೀರು, ಗೊಬ್ಬರ, ಬಿಸಿಲು ಎಲ್ಲವನ್ನೂ ಅದೇ ತಿನ್ನುತ್ತದೆ. ಆಮೇಲೆ ಎಷ್ಟು ಕಿತ್ತರೂ ಹೋದ ಇಳುವರಿ ವಾಪಸ್ ಬರುವುದಿಲ್ಲ. ಕಳೆ ಕೀಳಲು ಆಳು ಸಿಗದ ಕಡೆ ಔಷಧ ಬೇಕೇ ಬೇಕು. ನನ್ನ ತಕರಾರು ಇರುವುದು ಹೊಡೆಯುವ ಹೊತ್ತಿನ ಬಗ್ಗೆ.

ಒಂದು ವರ್ಷ ಗೋಧಿಗೆ 2,4-ಡಿ ಎಂಬ, ಅಗಲ ಎಲೆಯ ಕಳೆ ಕೊಲ್ಲುವ ಔಷಧ ಹೊಡೆದೆವು. ದಿನದ ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಆ ಸಲ ಚಳಿ ಜಾಸ್ತಿಯಾಗಿ ಪೈರು ಹಿಂದೆ ಬಿದ್ದಿತ್ತು. ಗಿಡದಲ್ಲಿ ಇದ್ದದ್ದು ಮೂರೇ ಎಲೆ. ತೆಂಡೆ, ಅಂದರೆ ಬುಡದಿಂದ ಏಳುವ ಪಕ್ಕದ ಕವಲು, ಒಡೆದೇ ಇರಲಿಲ್ಲ. ಕೆಲವು ದಿನಗಳಲ್ಲಿ ಅಗಲ ಎಲೆಯ ಕಳೆ ಸುರುಟಿಕೊಂಡು ಸತ್ತಿತು, ನಮಗೆ ಸಮಾಧಾನವಾಯಿತು. ಹೊಸದಾಗಿ ಬಂದ ಎಲೆಗಳು ಈರುಳ್ಳಿ ಎಲೆಯ ಹಾಗೆ ಕೊಳವೆಯಾಗಿ ಸುತ್ತಿಕೊಂಡಿದ್ದವು. ಅದನ್ನು ಯಾರೂ ಅಷ್ಟಾಗಿ ಗಮನಿಸಲಿಲ್ಲ. ತೆನೆ ಬರುವ ಹೊತ್ತಿಗೆ ನೋಡಿದರೆ ಎಷ್ಟೋ ತೆನೆಗಳು ಎಲೆಯ ಹೊದಿಕೆಯಿಂದ ಹೊರಗೆ ಬರಲಾಗದೆ ಬಾಗಿ ನಿಂತಿದ್ದವು. ಬಿಡಿಸಿ ನೋಡಿದರೆ ಒಳಗೆ ಕಾಳಿನ ಜೋಡಣೆಯೇ ತಪ್ಪಿತ್ತು. ಎಲ್ಲರೂ ಬೀಜ ಸರಿಯಿಲ್ಲ ಎಂದರು. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಮೂಲೆಯಲ್ಲಿ ಟ್ಯಾಂಕ್ ಖಾಲಿಯಾಗಿ ಔಷಧ ಬೀಳದ ನಾಲ್ಕು ಸಾಲು ಉಳಿದಿದ್ದವು. ಅಲ್ಲಿ ಕಳೆಯೂ ಇತ್ತು, ತೆನೆಯೂ ನೆಟ್ಟಗಿತ್ತು. ಬೀಜ ಅದೇ, ಮಣ್ಣು ಅದೇ.

ಹೀಗೇಕೆ ಆಗುತ್ತದೆ ಎಂದು ಆಮೇಲೆ ಓದಿ, ತಿಳಿದವರನ್ನು ಕೇಳಿ ಅರ್ಥ ಮಾಡಿಕೊಂಡೆ. ನಾವೆಲ್ಲ ‘ಈ ಔಷಧ ಕಳೆಗೆ ಮಾತ್ರ, ಬೆಳೆಗೆ ತಾಗುವುದಿಲ್ಲ’ ಎಂದು ಹೇಳುತ್ತೇವೆ. ನಿಜವಾಗಿ ಅದು ಬೆಳೆಯ ಒಳಗೂ ಹೋಗುತ್ತದೆ. ಗೋಧಿ, ಜೋಳ, ಭತ್ತ ಇವೆಲ್ಲ ಹುಲ್ಲಿನ ಜಾತಿ. ಒಳಗೆ ಬಂದ ಔಷಧವನ್ನು ತಮ್ಮ ಕಿಣ್ವಗಳಿಂದ ಬದಲಾಯಿಸಿ, ಅದರ ವಿಷವನ್ನು ಕಳೆಯುವ ಶಕ್ತಿ ಅವುಗಳಿಗಿದೆ. ಅಗಲ ಎಲೆಯ ಕಳೆಗೆ ಆ ಶಕ್ತಿ ಸಾಲದು, ಅದಕ್ಕೇ ಸಾಯುತ್ತದೆ. ಅಂದರೆ ಬೆಳೆ ಉಳಿಯುವುದು ಸುಮ್ನೆ ಅಲ್ಲ, ಒಳಗೆ ದುಡಿದು ಉಳಿಯುತ್ತದೆ. ಚಳಿ ಇದ್ದಾಗ, ಬೇರಿನಲ್ಲಿ ನೀರು ನಿಂತಾಗ, ಪೈರು ಬಾಡಿದಾಗ ಆ ಕೆಲಸ ನಿಧಾನವಾಗುತ್ತದೆ. ಎಂದಿನ ಪ್ರಮಾಣವೇ ಆಗ ಜಾಸ್ತಿಯಾಗುತ್ತದೆ.

ಇನ್ನೊಂದು ಸಂಗತಿ ತಿಳಿದಾಗ ನನಗೆ ನಿಜಕ್ಕೂ ಅಚ್ಚರಿಯಾಯಿತು. ಗೋಧಿ ಇನ್ನೂ ಗಿಡ್ಡ ಹುಲ್ಲಿನ ಹಾಗೆ ಕಾಣುವಾಗಲೇ, ನಾಲ್ಕೈದು ಎಲೆ ಇರುವ ಹೊತ್ತಿಗೇ, ಬುಡದೊಳಗೆ ತೆನೆ ರೂಪುಗೊಳ್ಳಲು ಶುರುವಾಗುತ್ತದೆ. ಕಣ್ಣಿಗೆ ಕಾಣದಷ್ಟು ಚಿಕ್ಕ ತೆನೆ. 2,4-ಡಿ ಎಂಬುದು ಗಿಡದ ಬೆಳವಣಿಗೆಯ ಹಾರ್ಮೋನನ್ನೇ ಅನುಕರಿಸುವ ವಸ್ತು. ಎಳೆ ತೆನೆ ಒಡಮೂಡುವ ಸಮಯಕ್ಕೆ ಅದು ಹೋಗಿ ಸೇರಿದರೆ ಆಕಾರವೇ ಕೆಡುತ್ತದೆ. ತಡವಾದರೂ ಅಪಾಯವೇ. ದಂಟು ಗೆಣ್ಣು ಬಿಟ್ಟು ಮೇಲೇಳುವಾಗ, ಇಲ್ಲವೇ ತೆನೆ ಇನ್ನೂ ಎಲೆಯ ಹೊದಿಕೆಯೊಳಗೇ ಉಬ್ಬಿರುವ ‘ಹೊಡೆ’ ಹಂತದಲ್ಲಿ ಔಷಧ ಹೊಡೆದರೆ ಹೂವು ಕಾಳು ಕಟ್ಟದೆ ಜೊಳ್ಳಾಗುತ್ತದೆ. ತೆಂಡೆ ಚೆನ್ನಾಗಿ ಒಡೆದ ಮೇಲೆ, ಗೆಣ್ಣು ಬಿಡುವ ಮುಂಚೆ, ಈ ನಡುವಿನ ಹೊತ್ತು ಮಾತ್ರ ಸುರಕ್ಷಿತ. ಬೆಚ್ಚಗಿನ ವರ್ಷದಲ್ಲಿ ಅದು ಬೇಗ ಬರುತ್ತದೆ, ಚಳಿಯ ವರ್ಷದಲ್ಲಿ ತಡವಾಗಿ. ಕ್ಯಾಲೆಂಡರ್‌ಗೆ ಇದು ಹೇಗೆ ಗೊತ್ತಾಗಬೇಕು?

ನೋಡುವುದು ಕಷ್ಟವೇನಲ್ಲ. ಹೊಲದ ಹತ್ತು ಕಡೆಯಿಂದ ಒಂದೊಂದು ಗಿಡ ಕಿತ್ತು ತಾಯಿ ದಂಟಿನ ಎಲೆ ಎಣಿಸಬೇಕು, ತೆಂಡೆ ಎಷ್ಟಿದೆ ನೋಡಬೇಕು. ಚಾಕುವಿನಿಂದ ದಂಟನ್ನು ಉದ್ದಕ್ಕೆ ಸೀಳಿದರೆ ಗೆಣ್ಣು ಮೇಲೆದ್ದಿದೆಯೋ ಇಲ್ಲವೋ ಕಾಣುತ್ತದೆ. ಅರ್ಧ ಗಂಟೆಯ ಕೆಲಸ.

ಭತ್ತದ್ದು ಬೇರೆ ಕಥೆ. ನಾಟಿ ಮಾಡಿದ ಪೈರಿಗೆ ಹೊಂದುವ ಪ್ರೆಟಿಲಾಕ್ಲೋರ್ ಎಂಬ ಕಳೆನಾಶಕ, ನೇರವಾಗಿ ಬಿತ್ತಿದ ಮೊಳಕೆಗೆ ಹೊಂದುವುದಿಲ್ಲ. ಅದಕ್ಕೆ ಫೆನ್‌ಕ್ಲೋರಿಮ್ ಎಂಬ ರಕ್ಷಕ ಬೆರೆಸಿದ ಔಷಧವೇ ಬೇಕು. ಹೆಸರು ಒಂದೇ ಎಂದು ಯಾವುದೋ ಒಂದನ್ನು ತಂದರೆ ಮೊಳಕೆ ಏಳುವುದಿಲ್ಲ. ಇನ್ನು ಪ್ರೊಪನಿಲ್ ಎಂಬ ಇನ್ನೊಂದು ಕಳೆನಾಶಕ. ಅದನ್ನು ಒಡೆಯುವ ಕಿಣ್ವ ಭತ್ತದಲ್ಲಿದೆ, ಹಾಗಾಗಿ ಭತ್ತ ಬದುಕುತ್ತದೆ. ಆದರೆ ಆರ್ಗನೋಫಾಸ್ಫೇಟ್ ಅಥವಾ ಕಾರ್ಬಮೇಟ್ ಗುಂಪಿನ ಕೀಟನಾಶಕ ಆ ಕಿಣ್ವವನ್ನೇ ತಡೆಯುತ್ತದೆ. ಕೆಲಸ ಉಳಿಯಲಿ ಎಂದು ಎರಡನ್ನೂ ಒಂದೇ ಟ್ಯಾಂಕಿಗೆ ಸುರಿದರೆ ಕಳೆಯ ಜೊತೆ ಭತ್ತವೂ ಸುಟ್ಟುಹೋಗುತ್ತದೆ. ಬೇರೆ ಬೇರೆ ದಿನ ಹೊಡೆದರೂ ನಡುವೆ ಸಾಕಷ್ಟು ಅಂತರ ಇಲ್ಲದಿದ್ದರೆ ಇದೇ ಗತಿ. ಇಂಥದ್ದು ಕೃಷಿ ಪುಟದಲ್ಲಿ ದಪ್ಪ ಅಕ್ಷರದಲ್ಲಿ ಬರಬೇಕು, ಅಲ್ವಾ?

ಬಿಸ್ಪೈರಿಬ್ಯಾಕ್ ಎಂಬ ಕಳೆನಾಶಕ ಹೊಡೆದ ಭತ್ತ ಕೆಲವೊಮ್ಮೆ ಹಳದಿಯಾಗಿ ಸ್ವಲ್ಪ ದಿನ ಕುಗ್ಗುತ್ತದೆ. ರೈತರು ಹೆದರಿ ಯೂರಿಯಾ ಎರಚಲು ಓಡುತ್ತಾರೆ. ಆದರೆ ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ಅದು ತಾನಾಗಿ ಚೇತರಿಸಿಕೊಳ್ಳುತ್ತದೆ. ಇದಕ್ಕೆ ತಿರುಗುಮುರುಗಾದ ಸಂಗತಿಯೂ ಇದೆ. ಭತ್ತ ಹೊಡೆಯಲ್ಲಿರುವಾಗ ಪಕ್ಕದ ಬದುವಿಗೆ ಹೊಡೆದ, ಬೆಳೆ ಕಳೆ ಎನ್ನದೆ ಕೊಲ್ಲುವ ಗ್ಲೈಫೋಸೇಟ್ ಗಾಳಿಯಲ್ಲಿ ತೇಲಿ ಸ್ವಲ್ಪವೇ ಬಿದ್ದರೂ, ಎಲೆ ಹಸಿರಾಗಿಯೇ ಇರಬಹುದು. ತೆನೆ ಮಾತ್ರ ಮುದುಡಿ ಬರುತ್ತದೆ, ಕಾಳು ಗಿಳಿಯ ಕೊಕ್ಕಿನ ಹಾಗೆ ಡೊಂಕಾಗುತ್ತದೆ. ನಮ್ಮ ಕಣ್ಣು ಎಲೆಯ ಬಣ್ಣಕ್ಕೆ ಪಳಗಿದೆ. ಕಳೆನಾಶಕದ ದೊಡ್ಡ ಪೆಟ್ಟು ಎಷ್ಟೋ ಸಲ ತೆನೆಯಲ್ಲಿ ಅಡಗಿರುತ್ತದೆ, ತೆನೆ ಹೊರಬರುವವರೆಗೆ ಕಾಣುವುದೇ ಇಲ್ಲ.

ಟ್ಯಾಂಕ್ ತೊಳೆಯುವ ಬಗ್ಗೆಯೂ ನಿಮ್ಮ ಬರಹದಲ್ಲಿ ಮಾತಿಲ್ಲ. ಡಬ್ಬಿಯ ಔಷಧದ ತೂಕವಲ್ಲ, ಅದರೊಳಗಿನ ಸಕ್ರಿಯ ಅಂಶದ ಲೆಕ್ಕದಲ್ಲಿ ಗೋಧಿಗೆ 2,4-ಡಿ ಹೆಕ್ಟೇರಿಗೆ ಸುಮಾರು ಅರ್ಧ ಕಿಲೋ ಬೇಕು. ಮೆಟ್‌ಸಲ್ಫ್ಯೂರಾನ್ ಎಂಬ ಕಳೆನಾಶಕ ಬೇಕಿರುವುದು ಬರೀ 4 ಗ್ರಾಂ. ಇಷ್ಟು ಕಡಿಮೆಯಲ್ಲಿ ಕೆಲಸ ಮಾಡುವ ಔಷಧ ಪೈಪಿನಲ್ಲಿ, ನಾಜಲ್‌ನಲ್ಲಿ ತುಸು ಉಳಿದರೂ ಮುಂದಿನ ಸಲ ಬೇರೆ ಬೆಳೆಗೆ ಏಟು ಬೀಳುತ್ತದೆ. ಮಣ್ಣಿನಲ್ಲೂ ಕೆಲವು ಬೇಗ ಕರಗುವುದಿಲ್ಲ. ಗೋಧಿಗೆ ಸಲ್ಫೋಸಲ್ಫ್ಯೂರಾನ್ ಹೊಡೆದ ಹೊಲದಲ್ಲಿ ಮುಂದಿನ ಬೆಳೆಯಾಗಿ ಜೋಳ, ಮೆಕ್ಕೆಜೋಳ ಬಿತ್ತಿದರೆ ಪೈರು ಕುಂಠಿತವಾಗುತ್ತದೆ. ಆಗಲೂ ನಾವು ಬೈಯುವುದು ಬೀಜವನ್ನೇ.

ಔಷಧದ ಡಬ್ಬಿಯ ಮೇಲೆ ಇವುಗಳಲ್ಲಿ ಕೆಲವು ಬರೆದಿರುತ್ತವೆ, ನಿಜ. ಆದರೆ ಇರುವೆ ಸಾಲಿನಂಥ ಆ ಅಕ್ಷರವನ್ನು ಹೊಲದಲ್ಲಿ ನಿಂತು ಓದುವವರು ಯಾರು? ಬೆಳೆಯ ಯಾವ ಹಂತದಲ್ಲಿ ಹೊಡೆಯಬೇಕು, ಯಾವ ಹಂತದಲ್ಲಿ ಕೂಡದು ಎಂದು ಚಿತ್ರ ಹಾಕಿ ತೋರಿಸುವುದು ತಯಾರಕರಿಗೆ ಭಾರವಾಗುವ ಕೆಲಸವಲ್ಲ. ಅವರು ಮಾಡುವವರೆಗೆ ನೀವಾದರೂ ಮಾಡಿ. ಕೃಷಿ ಪುಟದಲ್ಲಿ ‘ಇಷ್ಟನೇ ದಿನ’ ಎಂದು ಬರೆಯುವ ಕಡೆಯೆಲ್ಲ ‘ಇಷ್ಟು ಎಲೆ, ಇಷ್ಟು ತೆಂಡೆ’ ಎಂದೂ ಸೇರಿಸಿ. ಮೂರು ಎಲೆಯ ಪೈರು, ತೆಂಡೆ ತುಂಬಿದ ಪೈರು, ಮೊದಲ ಗೆಣ್ಣು ಎದ್ದ ಪೈರು, ಈ ಮೂರನ್ನು ಪಕ್ಕಪಕ್ಕದಲ್ಲಿ ದೊಡ್ಡದಾಗಿ ಅಚ್ಚು ಹಾಕಿ. ಮುಂದಿನ ಬಿತ್ತನೆಗೆ ಮುಂಚೆ ಬಂದರೆ, ಅದನ್ನು ಕತ್ತರಿಸಿ ಸ್ಪ್ರೇಯರ್ ನೇತುಹಾಕುವ ಗೋಡೆಗೆ ಅಂಟಿಸುತ್ತೇನೆ.

ಇಂತಿ,
ನಿಮ್ಮ ಓದುಗ, ಒಬ್ಬ ರೈತ