ಅಮ್ಮನ ಹಾಸಿಗೆ ಪಕ್ಕ ಒಂದು ನೋಟ್‌ಬುಕ್ ಇಡು

ಮೈಸೂರು

ಪ್ರೀತಿಯ ಪುಟ್ಟಿ,

ನಿನ್ನೆ ರಾತ್ರಿ ಫೋನಿನಲ್ಲಿ ನೀನು ಅತ್ತಿದ್ದು ಇನ್ನೂ ಕಿವಿಯಲ್ಲೇ ಇದೆ. "ದೊಡ್ಡಮ್ಮ, ಅಮ್ಮನನ್ನು ನೋಡಿಕೊಳ್ಳಲು ಏಜೆನ್ಸಿಯಿಂದ ಒಬ್ಬಳು ಬಂದಿದ್ದಾಳೆ, ಹಗಲೂ ರಾತ್ರಿ ಇಲ್ಲೇ ಇರುತ್ತಾಳೆ, ಆದರೂ ಧೈರ್ಯ ಬರುತ್ತಿಲ್ಲ" ಅಂದೆ. ನಿನಗೆ ಧೈರ್ಯ ಬಾರದಿರುವುದರಲ್ಲಿ ತಪ್ಪೇನಿಲ್ಲ. ಅದಕ್ಕೆ ಕಾರಣ ಇದೆ. ಫೋನಿನಲ್ಲಿ ಹೇಳಲು ಆಗಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನ ದೊಡ್ಡಪ್ಪ ಹಾಸಿಗೆ ಹಿಡಿದಾಗ ನಾನೂ ಒಬ್ಬ ಹುಡುಗಿಯನ್ನು ಇಟ್ಟುಕೊಂಡಿದ್ದೆ. ಚಿನ್ನದಂಥ ಹುಡುಗಿ. ಮೈ ಒರೆಸುವುದು, ಗಂಜಿ ಕುಡಿಸುವುದು, ಬಟ್ಟೆ ಬದಲಿಸುವುದು, ಯಾವುದಕ್ಕೂ ಮುಖ ಸಿಂಡರಿಸಿದವಳಲ್ಲ. ಆದರೆ ಅವಳು ನರ್ಸ್ ಅಲ್ಲ. ನರ್ಸ್ ಮಾಡಬೇಕಾದ ಕೆಲಸವನ್ನೂ ಅವಳ ತಲೆಗೇ ಕಟ್ಟಿ ನಾನು ನಿಶ್ಚಿಂತೆಯಾಗಿದ್ದೆ. ಒಂದು ರಾತ್ರಿ ಎರಡು ಗಂಟೆಗೆ ಅವರ ಗಂಟಲಲ್ಲಿ ಗೊರಗೊರ ಸದ್ದು ಶುರುವಾಯಿತು. ಅವಳು ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಯಾರನ್ನು ಕೇಳಬೇಕು ಅಂತ ಇಬ್ಬರಿಗೂ ಗೊತ್ತಿರಲಿಲ್ಲ. ಆಂಬುಲೆನ್ಸ್ ಕರೆಸಿದೆವು. ಆಮೇಲೆ ಒಂಬತ್ತು ದಿನ ಐಸಿಯು. ದಿನಕ್ಕೆ ಹತ್ತು ನಿಮಿಷ ಒಳಗೆ ಬಿಡುತ್ತಿದ್ದರು. ಅಲ್ಲೇ ಹೋದರು. ನನ್ನ ಕೋಣೆಯಲ್ಲೇ ಮಲಗಿರುತ್ತೇನೆ, ಎಲ್ಲಿಗೂ ಒಯ್ಯಬೇಡ ಅಂತ ಅವರು ಬಾಯಿಬಿಟ್ಟು ಹೇಳಿದ್ದರು, ಪುಟ್ಟಿ. ನಾನು ಅದನ್ನು ನಡೆಸಿಕೊಡಲಿಲ್ಲ.

ಎಷ್ಟೋ ದಿನದ ಮೇಲೆ ಒಬ್ಬ ಡಾಕ್ಟರು ವಿವರಿಸಿದರು. ಕೊನೆಗಾಲದಲ್ಲಿ ಆ ಸದ್ದು ಬರುವುದುಂಟು. ನುಂಗಲು ಶಕ್ತಿ ಇಲ್ಲದೆ ಜೊಲ್ಲು, ಕಫ ಗಂಟಲಲ್ಲೇ ನಿಲ್ಲುತ್ತದೆ. ಒಂದು ಮಗ್ಗುಲಿಗೆ ತಿರುಗಿಸಿ ಮಲಗಿಸಬೇಕು, ಬೇಕಾದರೆ ಔಷಧಿಯೂ ಇದೆ. ಕೇಳುವವರಿಗೆ ಆಗುವಷ್ಟು ಸಂಕಟ ಮಲಗಿದವರಿಗೆ ಆಗುವುದಿಲ್ಲವಂತೆ. ಇಷ್ಟನ್ನು ಮೊದಲೇ ಯಾರಾದರೂ ಹೇಳಿದ್ದರೆ!

ಅದಕ್ಕೇ ಹೇಳುತ್ತೇನೆ, ಹಾಸ್ಪಿಸ್‌ನವರನ್ನು ಈ ವಾರವೇ ಸಂಪರ್ಕಿಸು. ಕೊನೆಗೆ ನೋಡೋಣ ಅನ್ನಬೇಡ. ಆ ಹೆಸರು ಕೇಳಿದರೇ "ಇನ್ನು ಕೈ ಬಿಟ್ಟ ಹಾಗೆ" ಅಂತ ನಿಮ್ಮ ಮಾವ ಬೇಜಾರು ಮಾಡಿಕೊಳ್ಳಬಹುದು. ಹಾಗಲ್ಲ. ಕಾಯಿಲೆ ವಾಸಿಯಾಗುವುದಿಲ್ಲ ಅಂತ ಗೊತ್ತಾದ ಮೇಲೂ ನೋವು, ವಾಂತಿ, ಉಬ್ಬಸ ಇದ್ದೇ ಇರುತ್ತವಲ್ಲ, ಅವನ್ನು ನೋಡುವ ವೈದ್ಯಕೀಯವೇ ಅದು. ನಿಮ್ಮ ಬೆಂಗಳೂರಿನಲ್ಲೇ, ಮಾರತ್ತಹಳ್ಳಿ ಕಡೆ ಕರುಣಾಶ್ರಯ ಅನ್ನುವ ಹಾಸ್ಪಿಸ್ ಇದೆ. 1999ರಿಂದ ಆ ಕಟ್ಟಡದಲ್ಲಿ ಕ್ಯಾನ್ಸರ್ ಮುಂದುವರಿದವರನ್ನು ಒಂದು ರೂಪಾಯಿ ತೆಗೆದುಕೊಳ್ಳದೆ ನೋಡಿಕೊಳ್ಳುತ್ತಿದ್ದಾರೆ. ಅವರ ತಂಡ ಮನೆಗೂ ಬರುತ್ತದೆ. ಅಮ್ಮನ ಬಯಾಪ್ಸಿ ರಿಪೋರ್ಟು, ಡಿಸ್ಚಾರ್ಜ್ ಸಮರಿ ಎಲ್ಲ ಒಂದು ಫೈಲಿಗೆ ಹಾಕಿ ಸಿದ್ಧ ಮಾಡಿಕೋ.

ಇನ್ನು ಯಾರ ಕೆಲಸ ಯಾರದು ಅನ್ನುವುದನ್ನು ಮೊದಲ ದಿನವೇ ಬಿಡಿಸಿ ಹೇಳಿಬಿಡು. ಮನೆಯಲ್ಲಿರುವ ಹುಡುಗಿ ಸ್ನಾನ, ಊಟ, ಮಗ್ಗುಲು ಬದಲಿಸುವುದು ನೋಡಲಿ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಲೇಬೇಕು, ಏರ್ ಬೆಡ್ ಇದ್ದರೂ ಬಿಡುವಂತಿಲ್ಲ. ಸೊಂಟದ ಕೆಳಗೆ, ಹಿಮ್ಮಡಿಯಲ್ಲಿ ಚರ್ಮ ಕೆಂಪಗಾಗಿದೆಯಾ ಅಂತ ದಿನಾ ನೋಡಬೇಕು. ಬೆರಳಿನಿಂದ ಒತ್ತಿ ಬಿಟ್ಟಾಗಲೂ ಆ ಕೆಂಪು ಹಾಗೇ ಇದ್ದರೆ ಹುಣ್ಣು ಶುರುವಾಗುತ್ತಿದೆ ಅಂತ ತಿಳಿ. ಕ್ಯಾತಿಟರ್ ಅಂದರೆ ಮೂತ್ರದ ನಳಿಕೆ ಹಾಕುವುದು, ಇಂಜೆಕ್ಷನ್, ಹುಣ್ಣಿನ ಡ್ರೆಸ್ಸಿಂಗ್ ನರ್ಸ್ ಕೆಲಸ. ಮಾತ್ರೆ ಎಷ್ಟು ಕೊಡಬೇಕು ಅನ್ನುವುದು ಡಾಕ್ಟರಿಗೆ ಬಿಟ್ಟದ್ದು. ಆ ಹುಡುಗಿಗೂ ಬೇಡ, ನಿನಗೂ ಬೇಡ, ನೋಡಲು ಬಂದ ನೆಂಟರಿಗಂತೂ ಬೇಡವೇ ಬೇಡ.

ಇಲ್ಲಿ ನನ್ನ ಇನ್ನೊಂದು ತಪ್ಪು ಹೇಳಬೇಕು. ದೊಡ್ಡಪ್ಪನಿಗೆ ನೋವಿಗೆ ಮಾರ್ಫಿನ್ ಮಾತ್ರೆ ಬರೆದುಕೊಟ್ಟಿದ್ದರು, ನಾಲ್ಕು ಗಂಟೆಗೊಂದು. ಯಾರೋ ಬಂದವರು "ಅಯ್ಯೋ, ಅದು ಚಟ ಹಿಡಿಸುತ್ತೆ" ಅಂದರು. ನಾನು ಎರಡು ರಾತ್ರಿ ಮಾತ್ರೆ ತಪ್ಪಿಸಿದೆ. ಅವರು ಹಲ್ಲು ಕಚ್ಚಿಕೊಂಡು ಮಂಚದ ಸರಳು ಹಿಡಿದಿದ್ದರು, ಬೆರಳೆಲ್ಲ ಬೆಳ್ಳಗಾಗಿತ್ತು. ಕ್ಯಾನ್ಸರ್ ನೋವಿಗೆ ಡಾಕ್ಟರು ಹೇಳಿದ ಅಳತೆಯಲ್ಲಿ ಹೊತ್ತುಹೊತ್ತಿಗೆ ಕೊಟ್ಟರೆ ಚಟದ ಭಯ ಬೇಡ. ನೋವು ಬಂದ ಮೇಲೆ ಕೊಡುವುದಲ್ಲ, ಬರುವ ಮುಂಚೆಯೇ ಕೊಡಬೇಕು. ಮಲಬದ್ಧತೆ ಮಾತ್ರ ಆಗೇ ಆಗುತ್ತದೆ. ಅದಕ್ಕೆ ಮೊದಲ ದಿನದಿಂದಲೇ ಔಷಧಿ ಕೇಳಿ ಬರೆಸಿಕೋ. ಮಾರ್ಫಿನ್ ಎಲ್ಲ ಅಂಗಡಿಯಲ್ಲೂ ಸಿಗುವುದಿಲ್ಲ. 2014ರಲ್ಲಿ ಮಾದಕವಸ್ತು ಕಾಯ್ದೆ ಸಡಿಲವಾದರೂ ಅನುಮತಿ ಇರುವ ಕಡೆ ಮಾತ್ರ ಕೊಡುತ್ತಾರೆ. ಡಬ್ಬಿ ಖಾಲಿಯಾಗುವ ತನಕ ಕಾಯಬೇಡ.

ಈಗ ನೋಟ್‌ಬುಕ್ಕಿನ ವಿಷಯ. ಇನ್ನೂರು ಪುಟದ್ದು ಒಂದು ತಂದು, ಪೆನ್ನಿಗೆ ದಾರ ಕಟ್ಟಿ, ಮಂಚದ ಪಕ್ಕ ಇಡು. ಎಷ್ಟು ಗಂಟೆಗೆ ಯಾವ ಮಾತ್ರೆ, ನೋವು ಹತ್ತಕ್ಕೆ ಎಷ್ಟು, ಎಷ್ಟು ಚಮಚ ಒಳಗೆ ಹೋಯಿತು, ಮೂತ್ರ ಎಷ್ಟು, ಹೊಟ್ಟೆ ಯಾವಾಗ ಹೋಯಿತು, ಇಷ್ಟೇ. ನರ್ಸ್ ಬಂದಾಗ ಮೊದಲು ಅದನ್ನೇ ಕೈಗೆ ಕೊಡು. ನೀನು ಆಫೀಸಿನಲ್ಲಿದ್ದರೂ ಆ ಹುಡುಗಿ ನೋಡಿದ್ದು ಡಾಕ್ಟರಿಗೆ ತಲುಪುವುದು ಅದರಿಂದಲೇ. ಅವಳು ಒಡಿಶಾದವಳು, ಕನ್ನಡ ಬರುವುದಿಲ್ಲ ಅಂದೆಯಲ್ಲ? ಗಡಿಯಾರದ ಚಿತ್ರ ಬರೆದು, ಮಾತ್ರೆಯ ಬಣ್ಣ ಹಚ್ಚಿಕೊಡು, ಗುರುತು ಹಾಕಲಿ. ಉಳಿದದ್ದನ್ನು ಅವಳ ಲಿಪಿಯಲ್ಲೇ ಬರೆಯಲಿ, ನರ್ಸ್ ಬಂದಾಗ ಪಕ್ಕದಲ್ಲೇ ನಿಂತು ಓದಿ ಹೇಳಲಿ. ಮೊದಲ ಪುಟದಲ್ಲಿ ಮಾತ್ರ ದೊಡ್ಡಕ್ಷರದಲ್ಲಿ ನೀನೇ ಬರೆ: ರಾತ್ರಿ ಏನಾದರೂ ಆದರೆ ಮೊದಲ ಫೋನ್ ಯಾರಿಗೆ, ಅವರು ಎತ್ತದಿದ್ದರೆ ಯಾರಿಗೆ. ನನ್ನ ಹತ್ತಿರ ಇರದೇ ಹೋದದ್ದು ಆ ಒಂದು ಪುಟ.

ಆ ಹುಡುಗಿಯನ್ನು ಚೆನ್ನಾಗಿ ನೋಡಿಕೋ. ರಾತ್ರಿಯಿಡೀ ಎದ್ದವಳಿಗೆ ಹಗಲು ನಾಲ್ಕು ಗಂಟೆ ಬಾಗಿಲು ಮುಚ್ಚಿಕೊಂಡು ಮಲಗಲು ಬಿಡು. ವಾರಕ್ಕೊಂದು ದಿನ ರಜೆ ಕೊಡು. ನೀವು ತಿನ್ನುವ ಬಿಸಿ ಅನ್ನವನ್ನೇ ಅವಳಿಗೂ ಬಡಿಸು.

ಅಮ್ಮ ಊಟ ಬೇಡ ಅಂದರೆ ತುರುಕಬೇಡ. ಇದು ಕಷ್ಟ, ನನಗೆ ಗೊತ್ತು. ಮಂಪರಿನಲ್ಲಿರುವವರ ಬಾಯಿಗೆ ಹಾಕಿದರೆ ಶ್ವಾಸಕೋಶಕ್ಕೆ ಹೋಗುತ್ತದೆ. ತುಟಿ ಒಣಗದ ಹಾಗೆ ಒದ್ದೆ ಹತ್ತಿಯಿಂದ ಸವರು, ಅದೇ ಸಾಕು.

ಕಾಗದಪತ್ರದ್ದು ಎರಡು ಮಾತು. ಅಮ್ಮನಿಗೆ ಬುದ್ಧಿ ಸ್ಪಷ್ಟವಾಗಿರುವಾಗಲೇ ವೆಂಟಿಲೇಟರ್ ಬೇಕಾ, ಐಸಿಯು ಬೇಕಾ ಅಂತ ಕೇಳು. ಬೇಡ ಅಂದರೆ ಅದನ್ನು ಮೊದಲೇ ಬರೆದಿಡಬಹುದು. ಸುಪ್ರೀಂ ಕೋರ್ಟು 2018ರಲ್ಲಿ ಇದಕ್ಕೆ ದಾರಿ ಮಾಡಿಕೊಟ್ಟಿತು, 2023ರಲ್ಲಿ ಇನ್ನೂ ಸುಲಭ ಮಾಡಿತು. ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಆಯಿತು. ಎರಡನೆಯದು ಬರೆಯಲು ಕೈ ಬರುತ್ತಿಲ್ಲ, ಆದರೂ ಬರೆಯುತ್ತೇನೆ. ಮನೆಯಲ್ಲೇ ಹೋದರೆ ಸಾವಿನ ಕಾರಣದ ಸರ್ಟಿಫಿಕೇಟ್ ಯಾವ ಡಾಕ್ಟರು ಕೊಡುತ್ತಾರೆ ಅಂತ ಈಗಲೇ ಕೇಳಿಟ್ಟುಕೋ. ನೋಂದಣಿಗೆ 21 ದಿನ ಇರುತ್ತದೆ.

ಭಾನುವಾರ ಬೆಳಗ್ಗೆ ರೈಲಿಗೆ ಬರುತ್ತೇನೆ. ಹತ್ತು ದಿನ ಇರುತ್ತೇನೆ, ರಾತ್ರಿ ಪಾಳಿ ನನ್ನದು. ನಿನ್ನ ಅಮ್ಮ ಹುಟ್ಟಿದಾಗ ನನಗೆ ಆರು ವರ್ಷ, ತೊಟ್ಟಿಲು ತೂಗಿದ್ದು ನಾನೇ. ಅವಳ ಹಳೇ ಹತ್ತಿ ಸೀರೆಗಳನ್ನು ಒಗೆದು ಇಟ್ಟಿರು. ಹಾಸಿಗೆಗೆ ಹಾಸಲು ಅದಕ್ಕಿಂತ ಮೆತ್ತಗಿನದು ಬೇರೆ ಸಿಗುವುದಿಲ್ಲ.

ನಿನ್ನ
ದೊಡ್ಡಮ್ಮ