ಅಪ್ಪ ಮನೆಗೆ ಬಂದರು, ಸಿಸ್ಟರ್‌ಗಳಿಗೆ ಥ್ಯಾಂಕ್ಸ್

ಮೊನ್ನೆ ಅಪ್ಪ ಬದಿಯಡ್ಕದ ಮನೆಗೆ ವಾಪಸ್ ಬಂದರು. ಮಂಗಳೂರಿನಲ್ಲಿ ಸೊಂಟದ ಆಪರೇಷನ್ ಆದ ಮೇಲೆ ಅವರು ಇದ್ದದ್ದು ಕುಂಬಳೆ ಹತ್ತಿರ, ವಯಸ್ಸಾದವರ ಆರೈಕೆ ಕೇಂದ್ರದಲ್ಲಿ. ಈಗ ವಾಕರ್ ಹಿಡಿದು ಜಗಲಿವರೆಗೆ ಬರುತ್ತಾರೆ. ನೋಡಲು ಬಂದವರೆಲ್ಲ ಡಾಕ್ಟರ ಕೈಗುಣ ಹೊಗಳುತ್ತಾರೆ, ಸರಿಯೇ. ನನಗೆ ಮಾತ್ರ ಅಲ್ಲಿ ಮದ್ದು ಕೊಡುತ್ತಿದ್ದ ಸಿಸ್ಟರ್‌ಗಳ ಬಗ್ಗೆ ಹೇಳಲಿಕ್ಕುಂಟು.

ಸೇರಿಸಿದ ದಿನವೇ ಅವರು ನಮ್ಮ ಮದ್ದಿನ ಚೀಲವನ್ನು ಮೇಜಿನ ಮೇಲೆ ಸುರಿದರು. ಕಂಪನಿ ಇಟ್ಟ ಹೆಸರು ಬಿಟ್ಟು, ಸ್ಟ್ರಿಪ್ ಹಿಂದೆ ಸಣ್ಣ ಅಕ್ಷರದಲ್ಲಿರುವ ಮದ್ದಿನ ಹೆಸರು ಓದಿದರು. ಬಿ.ಪಿ.ಗೆ ಇಬ್ಬರು ಡಾಕ್ಟರು ಬರೆದ ಎರಡು ಮಾತ್ರೆ. ಹೆಸರು ಬೇರೆ, ಒಳಗಿದ್ದದ್ದು ಒಂದೇ ಅಮ್ಲೋಡಿಪಿನ್! ಕೂಡಲೇ ಡಾಕ್ಟರಿಗೆ ಫೋನ್ ಹೋಯಿತು, ಒಂದು ನಿಂತಿತು. ಅತ್ತೆ ಕೊಟ್ಟು ಕಳಿಸಿದ್ದ ಅರಿಷ್ಟದ ಬಾಟಲಿಯನ್ನೂ ಅವರು ಬಿಡಲಿಲ್ಲ. ಅಪ್ಪ ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ತೆಗೆದುಕೊಳ್ಳುವವರು. ಅದರ ಜೊತೆ ನೋವಿನ ಮಾತ್ರೆಯೋ ಕೆಲವು ಗಿಡಮೂಲಿಕೆಯೋ ಸೇರಿದರೆ ರಕ್ತಸ್ರಾವ ಆಗಬಹುದು. ಡಾಕ್ಟರನ್ನು ಕೇಳುವವರೆಗೆ ಬಾಟಲಿ ಕಪಾಟಿನಲ್ಲೇ ಇತ್ತು.

ಅಪ್ಪನಿಗೆ ಕಿವಿ ಮಂದ. "ನೀವು ಇಂಥವರಲ್ವಾ?" ಎಂದರೆ ಯಾರ ಹೆಸರಿಗೂ ತಲೆ ಆಡಿಸುತ್ತಾರೆ. ಪಕ್ಕದ ಮಂಚದಲ್ಲಿ ಅದೇ ಹೆಸರಿನ ಇನ್ನೊಬ್ಬ ಅಜ್ಜ ಬೇರೆ. ಹಾಗಾಗಿ ಕೋಟ್ಟಯಂ ಕಡೆಯ ಸಿಸ್ಟರ್ ಪ್ರತಿ ಸಲವೂ "ಅಜ್ಜಾ, ನಿಮ್ಮ ಹೆಸರೆಂತ?" ಎಂದು ಜೋರಾಗಿ ಕೇಳಿ, ಚಾರ್ಟಿನ ಫೋಟೋ ನೋಡಿಯೇ ಮದ್ದು ಕೊಡುತ್ತಿದ್ದರು. "ಇವಳಿಗೆ ನನ್ನ ಹೆಸರು ಇನ್ನೂ ಬಾಯಿಪಾಠ ಆಗ್ಲಿಲ್ವಾ?" ಅಂತ ಅಪ್ಪನಿಗೆ ಸಿಟ್ಟು.

ಇನ್ಸುಲಿನ್ ವಿಷಯದಲ್ಲಂತೂ ಇಬ್ಬರು ನೋಡದೆ ಸೂಜಿ ಚುಚ್ಚುತ್ತಿರಲಿಲ್ಲ. ನಮ್ಮಲ್ಲಿ ಒಂದು ಎಂ.ಎಲ್.ಗೆ 40 ಯೂನಿಟ್ ಇರುವ ಬಾಟಲಿಯೂ ಸಿಗುತ್ತದೆ, 100 ಯೂನಿಟ್ಟಿನದ್ದೂ ಸಿಗುತ್ತದೆ. ಸಿರಿಂಜೂ ಬೇರೆ ಬೇರೆ. 100ರ ಮದ್ದನ್ನು 40ರ ಸಿರಿಂಜಿನಲ್ಲಿ ಎಳೆದರೆ ಎರಡೂವರೆ ಪಟ್ಟು ಜಾಸ್ತಿ ಹೋಗುತ್ತದೆ. ಶುಗರ್ ಇಳಿದು ಪ್ರಜ್ಞೆಯೇ ತಪ್ಪಬಹುದು.

ಅಪ್ಪನಿಗೆ ಮಾತ್ರೆ ನುಂಗಲು ಕಷ್ಟವಾದಾಗ ತಮ್ಮ ಪುಡಿ ಮಾಡಿ ಕೊಡಲು ಹೇಳಿದ. ಅವರು ಒಪ್ಪಲಿಲ್ಲ. ಅದು ಇಡೀ ದಿನ ನಿಧಾನವಾಗಿ ಕರಗಬೇಕಾದ ಮಾತ್ರೆ, ಪುಡಿ ಮಾಡಿದರೆ ಅಷ್ಟೂ ಒಮ್ಮೆಲೇ ಮೈಗೆ ಸೇರುತ್ತದಂತೆ. ಡಾಕ್ಟರನ್ನು ಕೇಳಿ ಬೇರೆ ಬರೆಸಿದರು. ಅಪ್ಪ ಹಟ ಮಾಡಿ ಬಾಯಿ ಮುಚ್ಚಿದ ದಿನ ಬಾಳೆಹಣ್ಣಿನಲ್ಲಿ ಅಡಗಿಸಿ ಕೊಡಲಿಲ್ಲ. "ತೆಗೆದುಕೊಳ್ಳಲಿಲ್ಲ" ಎಂದೇ ಚಾರ್ಟಿನಲ್ಲಿ ಬರೆದು ಡಾಕ್ಟರಿಗೆ ತಿಳಿಸಿದರು. ಕೊಟ್ಟ ಮದ್ದಿಗೂ ನುಂಗಿದ್ದನ್ನು ಕಣ್ಣಾರೆ ನೋಡಿದ ಮೇಲೆಯೇ ಸಹಿ.

ರಾತ್ರಿ ಪಾಳಿಯಲ್ಲಿ ಅಷ್ಟು ಮಂದಿಯನ್ನು ನೋಡಿಕೊಳ್ಳುತ್ತಾ ಇಷ್ಟು ತಾಳ್ಮೆ ಹೇಗೆ ಬರುತ್ತದೋ ಗೊತ್ತಿಲ್ಲ. ಸಂಬಳವೂ ಇನ್ನಷ್ಟು ಬರಲಿ. ಹೊರಡುವಾಗ ಅವರೇ ಮದ್ದಿನ ಪಟ್ಟಿಯನ್ನು ಕನ್ನಡದಲ್ಲಿ ಬರೆಸಿ ಕೊಟ್ಟರು, ಫ್ರಿಜ್ಜಿಗೆ ಅಂಟಿಸಿದ್ದೇವೆ.

ಸಿಸ್ಟರ್, ನಿಮಗೆಲ್ಲ ಹಲಸಿನ ಹಪ್ಪಳ ಕಳಿಸುತ್ತಿದ್ದೇವೆ. ಅಪ್ಪನಿಗೆ ಉಪ್ಪು ಕಡಿಮೆ ಎಂದು ಬರೆದವರು ನೀವೇ ಅಲ್ವಾ, ಅವರ ಪಾಲೂ ನಿಮಗೇ.