ಎಳ್ಳುಕಡ್ಡಿಯ ಕಟ್ಟು

ಪ್ರೀತಿಯ ತಂಗಿ,

ನಿನ್ನ ಕಥೆ ತಲುಪಿತು. ಎರಡು ಸಲ ಓದಿದೆ, ಎರಡನೆಯ ಸಲ ಜೋರಾಗಿ. ಊರ ಗೌಡನಿಗೆ ಟೋಪಿ ಹಾಕುವ ನಿನ್ನ ಹುಡುಗ ನನಗೆ ತುಂಬಾ ಇಷ್ಟವಾದ. ಆದರೆ ಅವನು ಗೆಲ್ಲುವುದು ಸುಳ್ಳಿನ ಮೇಲೆ ಸುಳ್ಳು ಹೇಳಿ. ಗೌಡ ಎಲ್ಲವನ್ನೂ ಸುಮ್ನೆ ನಂಬುತ್ತಾ ಹೋಗುತ್ತಾನೆ. ಕಥೆ ಸಡಿಲವಾಗಿರುವುದು ಅಲ್ಲೇ.

ತೆನಾಲಿ ರಾಮಕೃಷ್ಣನ ಈ ಕಥೆ ನೀನೂ ಕೇಳಿರುತ್ತೀಯ. ನನಗೆ ಹೇಳಿದ್ದು ಅಜ್ಜಿ. ಕೃಷ್ಣದೇವರಾಯನ ಆಸ್ಥಾನಕ್ಕೆ ಹೊರಗಿನ ಪಂಡಿತನೊಬ್ಬ ಬರುತ್ತಾನೆ. ಯಾವ ವಿಷಯವಾದರೂ ಸರಿ, ವಾದಕ್ಕೆ ಬನ್ನಿ ಅನ್ನುತ್ತಾನೆ. ದೊಡ್ಡ ದೊಡ್ಡ ಕವಿಗಳೆಲ್ಲ ತಲೆ ತಗ್ಗಿಸುತ್ತಾರೆ. ರಾಮಕೃಷ್ಣ ರೇಷ್ಮೆ ಬಟ್ಟೆ ಸುತ್ತಿದ ಕಟ್ಟೊಂದನ್ನು ಹಿಡಿದು ಬಂದು, ‘ತಿಲಕಾಷ್ಠ ಮಹಿಷ ಬಂಧನದ ಬಗ್ಗೆ ಮಾತಾಡೋಣವೇ?’ ಎಂದು ಕೇಳುತ್ತಾನೆ. ಪಂಡಿತ ಆ ಹೆಸರನ್ನೇ ಕೇಳಿಲ್ಲ. ಗೊತ್ತಿಲ್ಲ ಅನ್ನಲು ಬಾಯಿ ಬರುವುದಿಲ್ಲ. ನಾಳೆ ನೋಡೋಣ ಎಂದವನು ರಾತ್ರೋರಾತ್ರಿ ಊರು ಬಿಡುತ್ತಾನೆ. ಆಮೇಲೆ ರಾಯ ಕಟ್ಟು ಬಿಚ್ಚಿಸಿದರೆ ಒಳಗೆ ಒಂದಿಷ್ಟು ಎಳ್ಳಿನ ಕಡ್ಡಿ, ಅದಕ್ಕೆ ಬಿಗಿದ ಎಮ್ಮೆ ಕಟ್ಟುವ ಹಗ್ಗ.

ತಿಲ ಎಂದರೆ ಎಳ್ಳು. ಕಾಷ್ಠ ಎಂದರೆ ಕಡ್ಡಿ. ಮಹಿಷ ಎಮ್ಮೆ, ಬಂಧನ ಕಟ್ಟು. ಅವನು ಕೈಯಲ್ಲಿ ಇದ್ದದ್ದನ್ನೇ ಹೇಳಿದ, ಅಲ್ವಾ? ಅಜ್ಜಿ ಹೇಳುವಾಗ ಗ್ರಂಥ ಎಂಬ ಮಾತನ್ನು ಅವನ ಬಾಯಲ್ಲಿ ಬರಿಸುತ್ತಲೇ ಇರಲಿಲ್ಲ. ರೇಷ್ಮೆ ಬಟ್ಟೆ ನೋಡಿ ಅದನ್ನು ಗ್ರಂಥ ಮಾಡಿಕೊಂಡವನು ಪಂಡಿತ. ಓಡಿಸಿದ್ದು ಅವನದೇ ಹೆದರಿಕೆ.

ಅಜ್ಜಿಗೆ ಈ ಕಥೆ ಯಾಕೆ ಅಷ್ಟು ಪ್ರೀತಿ ಅಂತ ನನಗೆ ತಡವಾಗಿ ಗೊತ್ತಾಯಿತು. ಒಮ್ಮೆ ಅವರ ಹೆಸರಿಗೆ ಕಚೇರಿಯೊಂದರಿಂದ ನೋಟಿಸು ಬಂತು. ಪೂರ್ತಿ ಪುಟ, ಒಂದೊಂದು ಪದವೂ ಗೇಣುದ್ದ. ಹೊಲವೇ ಹೋಯಿತು ಎಂದು ಅಜ್ಜಿ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಮೇಷ್ಟರೊಬ್ಬರು ಓದಿ ಹೇಳಿದರು: ಕಂದಾಯದ ರಸೀದಿ ತಂದು ತೋರಿಸಬೇಕಂತೆ. ಅಷ್ಟೇ. ಅದೂ ಎಳ್ಳುಕಡ್ಡಿಯ ಕಟ್ಟೇ. ಆದರೆ ಅಲ್ಲಿ ಹೆದರಿದ್ದು ಅಜ್ಜಿ. ದೊಡ್ಡ ಪದಗಳಿಂದ ಪೆಟ್ಟು ತಿಂದ ಜನ ಅದೇ ಪದಗಳನ್ನು ಒಂದು ಸಲ ದೊಡ್ಡವರ ಕಡೆಗೆ ತಿರುಗಿಸಿ ನೋಡಿದ್ದಾರೆ. ಈ ಕಥೆಯನ್ನು ಬಾಯಿಂದ ಬಾಯಿಗೆ ಉಳಿಸಿಕೊಂಡಿದ್ದು ಅದಕ್ಕೇ ಎಂದು ನಾನು ನಂಬಿದ್ದೇನೆ.

ಇನ್ನೊಂದು ಮಾತು. ರಾಮಕೃಷ್ಣ ಬರೀ ಕಥೆಯ ಮನುಷ್ಯನಲ್ಲ. ‘ಪಾಂಡುರಂಗ ಮಾಹಾತ್ಮ್ಯ’ ಎಂಬ ತೆಲುಗು ಕಾವ್ಯ ಬರೆದ ಗಂಭೀರ ಕವಿ. ಜನರು ಅವನನ್ನು 1509ರಿಂದ 1529ರವರೆಗೆ ವಿಜಯನಗರ ಆಳಿದ ರಾಯನ ಪಕ್ಕ ಕೂರಿಸಿ, ಕನ್ನಡದಲ್ಲೂ ತಮ್ಮವನನ್ನಾಗಿ ಮಾಡಿಕೊಂಡರು. ಕಥೆಯಲ್ಲಿ ಕಾಳಿ ಅವನಿಗೆ ಕೊಟ್ಟ ಹೆಸರು ನೋಡು: ವಿಕಟಕವಿ. ಹಿಂದಿನಿಂದ ಓದಿದರೂ ಅದೇ. ಚಿಕ್ಕಂದಿನಲ್ಲಿ ಸ್ಲೇಟಿನ ಮೇಲೆ ಅದನ್ನು ಎಷ್ಟು ಸಲ ಬರೆದೆನೋ!

ರಾಮಕೃಷ್ಣನ ಕಳ್ಳರ ಕಥೆಯಲ್ಲೂ ಹೀಗೇ. ಕಳ್ಳರು ಹಿತ್ತಲಲ್ಲಿ ಅಡಗಿರುವುದು ಗೊತ್ತಾಗಿ, ಒಡವೆಯ ಪೆಟ್ಟಿಗೆಯನ್ನು ಬಾವಿಗೆ ಹಾಕಿಬಿಡೋಣ ಎಂದು ಕಳ್ಳರಿಗೂ ಕೇಳುವಂತೆ ಹೆಂಡತಿಗೆ ಜೋರಾಗಿ ಹೇಳುತ್ತಾನೆ. ಕಲ್ಲು ತುಂಬಿದ ಪೆಟ್ಟಿಗೆ ದೊಪ್ಪೆಂದು ಬೀಳುತ್ತದೆ. ಕಳ್ಳರು ರಾತ್ರಿಯಿಡೀ ನೀರು ಸೇದುತ್ತಾರೆ, ತೋಟಕ್ಕೆ ನೀರು ಹರಿಯುತ್ತದೆ. ಇಲ್ಲಿ ಸುಳ್ಳಿದೆ, ಒಪ್ಪಿದೆ. ಆದರೆ ಒಂದೇ ಮಾತು, ಮಿಕ್ಕ ಕೆಲಸವೆಲ್ಲ ಅವರ ಆಸೆಯದು.

ನಿನ್ನ ಗೌಡನಿಗೆ ಆಸೆ ಯಾವುದು? ಹೆದರಿಕೆ ಯಾವುದು? ಕಥೆಯಲ್ಲಿ ನನಗೆ ಸಿಗಲಿಲ್ಲ. ಮೊದಲು ಅವನ ಮನೆಯ ಜಗಲಿಯ ಮೇಲೆ ಒಂದು ದಿನ ಕೂತು ಬಾ. ಅವನು ಯಾವ ಮಾತಿಗೆ ಕಿವಿ ನಿಮಿರಿಸುತ್ತಾನೆ, ಯಾವ ಮಾತಿಗೆ ಎದ್ದು ಒಳಗೆ ಹೋಗುತ್ತಾನೆ, ನೋಡು. ಹುಡುಗನ ಮಾತು ಆಮೇಲೆ ಬರಲಿ. ಜಾಸ್ತಿ ಬೇಡ, ಒಂದೇ ಮಾತು ಸಾಕು.

ಮತ್ತೆ ಅವನನ್ನು ಎಲ್ಲ ಸಲವೂ ಗೆಲ್ಲಿಸಬೇಡ. ಪಂಚತಂತ್ರದ ನೀಲಿ ನರಿ ನೆನಪಿದೆಯಾ? ನೀಲಿ ಬಣ್ಣದ ತೊಟ್ಟಿಗೆ ಬಿದ್ದು ಮೈಬಣ್ಣ ಬದಲಾಗಿ, ಹುಲಿ ಸಿಂಹಗಳಿಗೂ ರಾಜನಾಯಿತು. ತನ್ನ ಜಾತಿಯ ನರಿಗಳನ್ನು ಮಾತ್ರ ದೂರ ಓಡಿಸಿತು. ಒಂದು ದಿನ ಎಲ್ಲೋ ದೂರದಲ್ಲಿ ನರಿಗಳು ಊಳಿಟ್ಟವು. ಇದಕ್ಕೆ ಮೈಯೆಲ್ಲ ಜುಮ್ಮೆಂದಿತು, ಕಣ್ಣಲ್ಲಿ ನೀರು ಬಂತು, ತಡೆಯಲಾಗದೆ ತಾನೂ ಊಳಿಟ್ಟಿತು. ಗುಟ್ಟು ಬಯಲಾಗಿ ಅದರ ಕಥೆ ಅಲ್ಲಿಗೆ ಮುಗಿಯಿತು. ಮಕ್ಕಳಿಗೆ ಇದನ್ನು ಮೋಸಕ್ಕೆ ಆದ ಶಿಕ್ಷೆ ಎಂದು ಹೇಳಿಕೊಡುತ್ತಾರೆ. ನನಗೆ ಆ ಊಳು ಕೇಳಿದಾಗಲೆಲ್ಲ ಸಂಕಟವಾಗುತ್ತದೆ. ಎಷ್ಟು ದಿನದಿಂದ ಅದು ತನ್ನ ಮಾತನ್ನೇ ಆಡಿರಲಿಲ್ಲ!

ನಿನ್ನ ಕೊನೆಯ ಪುಟದಲ್ಲಿ ಹುಡುಗ ಪೇಟೆಯವರ ಹಾಗೆ ಮಾತಾಡಿ ಎಲ್ಲರನ್ನೂ ನಂಬಿಸುತ್ತಾನಲ್ಲ, ಆಗಲೇ ಅವನ ಅಮ್ಮ ಬೀದಿಯ ಆ ತುದಿಯಿಂದ ಅವನನ್ನು ಊಟಕ್ಕೆ ಕೂಗಲಿ. ಅವನು ಏನೆಂದು ಓಗೊಡುತ್ತಾನೆ? ಅಷ್ಟನ್ನು ಬರೆದು ಕಳಿಸು. ಕಾಯುತ್ತಿರುತ್ತೇನೆ.

ಇಂತಿ,
ನಿನ್ನ ಅಕ್ಕ